ಅತ್ತೆಯ ತಲೆ, ನನ್ನ ತಲೆ

೧೨ ಆಗಸ್ಟ್ ೧೯೫೬, ರವಿವಾರ

ತಲೆ ಇನ್ನೂ ಒದ್ದೆ. ಅಂಗಳದ ಬಿಸಿಲಿನಲ್ಲಿ ಕೂದಲು ಹರವಿಕೊಂಡು ಬರೆಯುತ್ತಿದ್ದೇನೆ.

ರವಿವಾರದ ಕೆಲಸ ಇದೇ. ಎರೆದುಕೊಳ್ಳುವುದು, ಒಣಗಿಸುವುದು, ತುಳಸಾ ಅತ್ತೆ ಹಿಂದೆ ಕುಳಿತು ಬಿಳಿ ಕೂದಲು ಹುಡುಕಿ ಕೀಳುವುದು. ಮೊದಲು ಹುಡುಕಬೇಕಾಗಿತ್ತು. ಈಗ ಕೈ ಹಾಕಿದಲ್ಲಿ ಸಿಗುತ್ತದೆ. ಎಡಗಡೆ ಹಣೆಯ ಮೇಲಿಂದ ಹೊರಟ ಬಿಳಿ ಪಟ್ಟಿ ಈಗ ನೆತ್ತಿ ದಾಟಿ ಹೆಳಲಿಗೆ ಇಳಿದಿದೆ. ನನ್ನ ವಯಸ್ಸು ಇಪ್ಪತ್ನಾಲ್ಕು. ಬೆಟಗೇರಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಮೂರನೆಯ ಇಯತ್ತೆಯ ಅಕ್ಕೋರು. ಹೋದ ವಾರ ಬಸ್ಸಿನ ಕಂಡಕ್ಟರ್ ಹಿಂದಿನಿಂದ ನೋಡಿ, “ಆಯೀ, ತುಸು ಮುಂದ ಸರೀರಿ” ಅಂದ. ತಿರುಗಿ ನೋಡಿದೆ. ಪಾಪ, ಅವನ ಮುಖ ನೋಡಬೇಕಾಗಿತ್ತು.

ಇವತ್ತು ಅತ್ತೆ ನಡುವೆಯೇ ಕೈ ತೆಗೆದಳು. “ಸಾಕು ಕಮಲಾ. ಹಿಂಗ ಕಿತ್ತಕೋತ ಹೋದ್ರ ತಲಿ ಬೋಳ—” ಅಂದವಳು ಅಲ್ಲಿಗೇ ನಿಂತಳು. ಎದ್ದು ಒಳಗೆ ಹೋದಳು.

ಆ ಶಬ್ದ ನಮ್ಮ ಮನೆಯಲ್ಲಿ ಯಾರೂ ಆಡುವುದಿಲ್ಲ. ಅತ್ತೆ ಅಪ್ಪನ ಅಕ್ಕ. ಹದಿಮೂರಕ್ಕೆ ಗಂಡ ಹೋದ. ಅಂದಿನಿಂದ ಕೆಂಪು ಸೀರೆ, ತಲೆಯ ಮೇಲೆ ಸೆರಗು, ಸೆರಗಿನ ಕೆಳಗೆ ಏನೂ ಇಲ್ಲ. ಹದಿನೈದು ದಿನಕ್ಕೊಮ್ಮೆ ಹಡಪದ ಯಂಕಪ್ಪ ಕ್ಷೌರದ ಕತ್ತಿ ಹಿಡಿದು ಹಿತ್ತಲಿಗೆ ಬಂದು ಹೋಗುತ್ತಾನೆ.

ನನ್ನ ಅವ್ವ ನಾನು ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡಳು. ಎಣ್ಣೆ, ಹಣಿಗೆ, ರಿಬ್ಬನ್ನು, ಹೆಳಲಿಗೆ ದುಂಡುಮಲ್ಲಿಗೆ, ಎಲ್ಲ ಅತ್ತೆಯ ಕೈಯಿಂದಲೇ ಆದದ್ದು. ತನಗೆ ಇಲ್ಲದ್ದನ್ನು ಇಷ್ಟು ವರ್ಷ ನನಗೆ ಬಾಚಿದ್ದಾಳೆ. ಇದು ಇವತ್ತೇ ತಲೆಗೆ ಹೋಯಿತು. ಹುಡುಗಿಯರಿಗೆ ಪಾಠ ಹೇಳುತ್ತೇನಂತೆ ನಾನು!

೧೫ ಆಗಸ್ಟ್, ಬುಧವಾರ

ಧ್ವಜವಂದನೆ. ಬೂಂದಿ ಉಂಡಿ. ಸ್ವಾತಂತ್ರ್ಯ ಬಂದು ಒಂಬತ್ತು ವರ್ಷ ಆಯಿತು, ನವೆಂಬರದಲ್ಲಿ ನಮ್ಮ ಕರ್ನಾಟಕವೂ ಒಂದಾಗುತ್ತದೆ ಎಂದು ದೊಡ್ಡ ಅಕ್ಕೋರ ಭಾಷಣ. ಮಕ್ಕಳ ಕಣ್ಣು ಉಂಡಿಯ ಬುಟ್ಟಿಯ ಮೇಲೆ.

ಹೊಸದಾಗಿ ಸೇರಿದ ಹುಡುಗಿಯ ತಾಯಿ ಮಂಜವ್ವ, ನೇಕಾರರಾಕೆ, ನನ್ನ ಕಾಲಿಗೆ ಬಿದ್ದಳು. “ನಮ್ಮವ್ವನ ವಾರಿಗಿಯವರು ನೀವು. ಹೊಡದಾರೂ ಕಲಸ್ರಿ ಅಕ್ಕೋರ” ಅಂದಳು. ಆಕೆ ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡವಳು! ಏಳು ಎನ್ನುವುದೋ, ಆಶೀರ್ವಾದ ಮಾಡುವುದೋ... ಮಾಡಿಬಿಟ್ಟೆ.

ಎರಡನೆಯ ಇಯತ್ತೆಯ ಶಾರದವ್ವ ಕಂಬ ಹಿಡಿದುಕೊಂಡು ನಕ್ಕಳು. ಆಮೇಲೆ ಬದಿಗೆ ಕರೆದು, “ಬುಡ್ಡೇಸಾಬನ ಅತ್ತರ ಅಂಗಡ್ಯಾಗ ಕಲಪ ಸಿಗತೈತಿ. ನಮ್ಮ ಮಾವನ ಮೀಸಿ ಹೆಂಗ ಮಿಂಚತೈತಿ ನೋಡೀಯಿಲ್ಲ? ಹಚ್ಚಿಕೊಂಡ್ರ ಯಾರಿಗೂ ತಿಳಿಯಾಂಗಿಲ್ಲ” ಅಂದಳು.

ಕಲಪ. ಕೂದಲು ಕಪ್ಪು ಮಾಡುವ ಪುಡಿ. ಗಂಡಸರು ಹಚ್ಚಿಕೊಳ್ಳುತ್ತಾರೆಂದು ಕೇಳಿದ್ದೆ. ಮೀಸೆಯದು ನನ್ನ ತಲೆಗೆ ಸಾಕಾದೀತೇ ಎಂದು ಕೇಳಿದೆ. ಇಬ್ಬರೂ ಮತ್ತೆ ನಕ್ಕೆವು.

೨೨ ಆಗಸ್ಟ್, ಬುಧವಾರ

ಶಾಲೆಯಿಂದ ಬರುವಾಗ ಪಡಸಾಲೆಯಲ್ಲಿ ದತ್ತಾತ್ರಿ ಕಾಕಾ. ಅಪ್ಪನ ಚಿಕ್ಕಪ್ಪನ ಮಗ. ಊರಿನ ಅರ್ಧ ಲಗ್ನ ಇವರೇ ಕೂಡಿಸಿದ್ದು. ಉಳಿದ ಅರ್ಧ ಮುರಿದದ್ದೂ ಇವರೇ ಎಂದು ಅತ್ತೆಯ ಅಂಬೋಣ.

ಲಕ್ಷ್ಮೇಶ್ವರದ ಸಂಬಂಧ. ಹುಡುಗ ಜಯತೀರ್ಥ, ಅಲ್ಲಿಯೇ ಗಣಿತದ ಮಾಸ್ತರ. ತಂದೆ ಹಾಸಿಗೆ ಹಿಡಿದು ವರ್ಷಗಳಾದವು. ತಾಯಿ ಇದ್ದಾರೆ, ಸೋದರಮಾವ ಇದ್ದಾರೆ. “ಮಾವಂದ ನಡೀತದ ಮನ್ಯಾಗ. ಮಿರಜ ಸಂಸ್ಥಾನದಾಗ ಇದ್ದಾಂವ. ಸಂಸ್ಥಾನ ಹೋದ್ರೂ ಗತ್ತು ಹೋಗಿಲ್ಲ” ಅಂದರು ಕಾಕಾ. ಫೋಟೋ ಅವರಿಗೆ ಒಪ್ಪಿಗೆಯಾಗಿದೆಯಂತೆ. ಆಗದೆ ಏನು? ಫೋಟೋದಲ್ಲಿ ಬಲಗಡೆಯಿಂದ ಕೂಡಿಸಿದ್ದರಲ್ಲ!

ಸೆಪ್ಟೆಂಬರ್ ಹದಿನಾರಕ್ಕೆ ನೋಡಲು ಬರುತ್ತಾರೆ.

ಅಪ್ಪ ಹೂಂ ಅಂದರು, ಮುಖ ಮಾತ್ರ ಸಣ್ಣದಾಯಿತು. ಮುಂಡರಗಿಯವರು ನೆನಪಾಗಿರಬೇಕು. ವೈಶಾಖದಲ್ಲಿ ಬಂದಿದ್ದರು. ನಮ್ಮಲ್ಲಿ ಹುಡುಗಿ ನೋಡಲು ಬಂದ ಹೆಂಗಸರು ಹೆಳಲು ಬಿಚ್ಚಿ ಕೂದಲಿನ ಉದ್ದ ನೋಡುವ ಪದ್ಧತಿ. ಬಿಚ್ಚಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಮೂವತ್ತು ದಾಟ್ಯದ ಈ ಹುಡಿಗಿಗೆ. ವಯಸ್ಸು ಮುಚ್ಚೀರಿ ನೀವು” ಅಂದರು. ಅಪ್ಪ ಓಡಿಹೋಗಿ ಜಾತಕ ತಂದರು. “ಜಾತಕ ಬರಿಯೋರು ನೀವ ಅಲ್ಲಾ” ಅಂತು ಆ ಹೆಂಗಸು.

ಅಪ್ಪ ಅಂದು ಊಟ ಮಾಡಲಿಲ್ಲ. ಮಾರ್ತಾಂಡರಾಯರು ಸುಳ್ಳು ಆಡಿದರು ಎಂದು ಕಚೇರಿಯಲ್ಲೂ ಗುಡಿಯಲ್ಲೂ ಈವರೆಗೆ ಯಾರೂ ಅಂದದ್ದಿಲ್ಲ. ಲಗ್ನ ಆಗದಿದ್ದರೆ ಬಿಡಲಿ, ಅಪ್ಪ ಇನ್ನೊಮ್ಮೆ ಆ ಮಾತು ಕೇಳಬಾರದು.

ಕಲಪ ಹಚ್ಚಿಕೊಂಡುಬಿಡುತ್ತೇನೆ.

೨೮ ಆಗಸ್ಟ್, ಮಂಗಳವಾರ

ಕಲಪ ತಂದೆ.

ಬುಡ್ಡೇಸಾಬ ದೊಡ್ಡ ಮನುಷ್ಯ. ಅಂಗಡಿಗೆ ಹೆಣ್ಣುಮಕ್ಕಳು ಬಂದರೆ ಕಣ್ಣೆತ್ತಿ ನೋಡುವುದಿಲ್ಲ. “ಯಾರಿಗೆ ಬೇಕಾಗಿತ್ರೀ ಅಕ್ಕಾರ?” ಎಂದು ತಕ್ಕಡಿಯನ್ನು ಕೇಳಿದ. “ಅಪ್ಪಗ” ಅಂದುಬಿಟ್ಟೆ. ಸಂಭಾವಿತನ ಹಾಗೆ ವಿವರಿಸಿದ. ಮೊದಲು ಮೆಹಂದಿ, ತೊಳೆದ ಮೇಲೆ ಈ ಪುಡಿ, ಕಬ್ಬಿಣದ ಬುಟ್ಟಿಯಲ್ಲೇ ಕಲಸಬೇಕು. ಕೊನೆಗೆ ಒಂದು ಪುಟ್ಟ ಬ್ರಶ್ ಕೊಟ್ಟ. “ಮೀಸಿಗೆ, ರಾಯರಿಗೆ ಹೇಳ್ರಿ.”

ಅಪ್ಪನಿಗೆ ಮೀಸೆಯೇ ಇಲ್ಲ.

ಟ್ರಂಕಿನ ತಳದಲ್ಲಿಟ್ಟಿದ್ದೇನೆ.

೨ ಸೆಪ್ಟೆಂಬರ್, ರವಿವಾರ

ಕೈ ಓಡುತ್ತಿಲ್ಲ. ಆದರೂ ಬರೆಯಬೇಕು.

ಕಿವಿಯ ಹಿಂದೆ ಒಂದು ಎಳೆಗೆ ಹಚ್ಚಿ ನೋಡೋಣವೆಂದು ಕಬ್ಬಿಣದ ಬುಟ್ಟಿ, ಪುಡಿಯ ಪೊಟ್ಟಣ ಹಿಡಿದುಕೊಂಡು ಬಚ್ಚಲಿಗೆ ಹೋದೆ. ಬೆಳಕು ಸಾಲದೆಂದು ಹಿತ್ತಲ ಬಾಗಿಲು ತೆಗೆದೆ. ಇವತ್ತು ಯಂಕಪ್ಪ ಬರುವ ದಿನ ಎಂಬುದು ಮರೆತೇ ಹೋಗಿತ್ತು. ಅವನು ಬಂದ ದಿನ ಹಿತ್ತಲಿಗೆ ಯಾರೂ ಹೋಗಬಾರದು. ನಾನು ಅಂಬೆಗಾಲಿಡುವಾಗಿನಿಂದ ಮನೆಯಲ್ಲಿ ಇರುವ ಕಟ್ಟಳೆ.

ನುಗ್ಗೆಗಿಡದ ಕೆಳಗೆ ಬರಿ ನೆಲದ ಮೇಲೆ ಅತ್ತೆ. ಸೆರಗು ಹೆಗಲಿಗೆ ಬಿದ್ದಿತ್ತು. ಗದ್ದ ಎದೆಗೆ ಹತ್ತಿತ್ತು. ಯಂಕಪ್ಪನಿಗೂ ಈಗ ವಯಸ್ಸಾಗಿದೆ, ಕೈ ನಡುಗುತ್ತದೆ. ಕಿವಿಯ ಹಿಂದೆ ಒಂದು ಕಡೆ ರಕ್ತ. ಸುತ್ತ ನೆಲದ ಮೇಲೆ ಬಿಳಿಯ ಚೂರುಗಳು, ಅತ್ತೆ ಹೂಬತ್ತಿ ಹೊಸೆದೆದ್ದಾಗ ಉಳಿಯುವ ಅರಳೆಯ ಹಾಗೆ.

ಅತ್ತೆ ಕತ್ತೆತ್ತಿದಳು. ನನ್ನನ್ನು ನೋಡಿದಳು, ಬುಟ್ಟಿ ನೋಡಿದಳು, ಪೊಟ್ಟಣ ನೋಡಿದಳು. ಬೈಯಲಿಲ್ಲ. ಯಂಕಪ್ಪ ಕತ್ತಿ ಕೆಳಗಿಟ್ಟು ಗೋಡೆಯ ಕಡೆಗೆ ತಿರುಗಿ ನಿಂತ. ಬಾಗಿಲು ಹಾಕಿಕೊಂಡು ಬಂದೆ.

ಸಂಜೆ ಅತ್ತೆ ಹೊಸ್ತಿಲ ಹತ್ತಿರ ಬತ್ತಿ ಹೊಸೆಯುತ್ತ ಕರೆದಳು. ಪಕ್ಕದಲ್ಲಿ ಕುಳಿತೆ.

“ಏನದು ಪುಡಿ?”

“ಕಲಪ.”

“ಹಚ್ಚಿದ್ರ ಎಷ್ಟ ದಿವಸ ಇರ್ತದ?”

“ಮೂರು ವಾರ, ತಿಂಗಳಾ. ಬುಡದಾಗ ಮತ್ತ ಬೆಳ್ಳಗ ಬರ್ತದಂತ. ಮತ್ತ ಹಚ್ಚಬೇಕು.”

“ಹಂಗಾರ ನಿನಗೂ ಒಬ್ಬ ಯಂಕಪ್ಪ ಗಂಟ ಬಿದ್ದಂಗ ಆತು ಬಿಡು” ಅಂದು ನಕ್ಕಳು. ನನಗೆ ನಗು ಬರಲಿಲ್ಲ. ಅತ್ತೆ ಇನ್ನೊಂದು ಬತ್ತಿ ಹೊಸೆದಳು.

“ನನಗೂ ಇಪ್ಪತ್ತೊಂದಕ್ಕನ ಬೆಳ್ಳಗ ಬಂದಿತ್ತು.”

“ನಿನಗ ಹೆಂಗ ಗೊತ್ತಾತು ಅತ್ತಿ?”

“ನನ್ನ ಕೂದಲಾ ನಾ ನೋಡಿದ್ದು ನೆಲದ ಮ್ಯಾಲನ ಅಲ್ಲಾ? ಒಂದ ದಿವಸ ಕರಿದರಾಗ ಬಿಳೇದು ಬಿದ್ದಿತ್ತು. ಎಡಕ್ಕಿಂದೋ ಬಲಕ್ಕಿಂದೋ ಗೊತ್ತಿಲ್ಲ. ನೆಲಕ್ಕ ಬಿದ್ದ ಮ್ಯಾಲ ಎಡಾ ಯಾವುದು, ಬಲಾ ಯಾವುದು? ಯಾರಿಗೆ ಹೇಳೂದು? ಇದ್ದವರಿಗೆ ಬೆಳ್ಳಗಾಗ್ತದ, ಇಲ್ಲದವರಿಗೆ ಏನ ಬೆಳ್ಳಗಾಗ್ತದ ಅಂತ ಸುಮ್ಮನ ಕೂತೆ. ನಿನ್ನ ತಲ್ಯಾಗ ಮೊದಲನೇದು ಕಂಡಾಗ... ಖರೆ ಹೇಳ್ಲೇನು? ಖುಷಿ ಆಗಿತ್ತು. ನನ್ನ ಕೂದಲಾ ಎಲ್ಲೀದರೂ ಬೆಳೀಲಿಕ್ಕೆ ಹತ್ಯದ ಅಂತ.”

ಎದ್ದು ಒಳಗೆ ಬಂದೆ. ಅತ್ತೆಯ ಎದುರು ಅಳಬಾರದೆಂದು.

೬ ಸೆಪ್ಟೆಂಬರ್, ಗುರುವಾರ

ಅಪ್ಪ ಸಂತೆಯಿಂದ ಬಂದು ಚೀಲ ಇಳಿಸುತ್ತ, ಗೋಡೆ ನೋಡಿಕೊಂಡು ಹೇಳಿದರು. “ಬುಡ್ಡೇಸಾಬ ಸಿಕ್ಕಿದ್ದ. ಕಲಪ ಹೆಂಗ ಹತ್ತಿತ್ರೀ ರಾಯರ ಅಂತ ಕೇಳಿದ.”

ನೆಲ ಬಿರಿದರೆ ಇಳಿದುಹೋಗುವಂತಾಯಿತು. “ನೀವೇನಂದ್ರಿ?”

“ಭಾಳ ಛಲೋ ಹತ್ತೇದ ಅಂದೆ.”

ಟೋಪಿ ತೆಗೆದು ತಮ್ಮ ಬೆಳ್ಳನೆಯ ತಲೆ ಸವರಿಕೊಂಡು ಬಚ್ಚಲಿಗೆ ಹೋದರು. ಸುಳ್ಳು ಆಡದ ಮಾರ್ತಾಂಡರಾಯರು! ಈ ಮನುಷ್ಯನ ಮಗಳಾಗಿ ಹುಟ್ಟಲು ನಾನು ಏನು ಪುಣ್ಯ ಮಾಡಿದ್ದೆನೋ.

೧೫ ಸೆಪ್ಟೆಂಬರ್, ಶನಿವಾರ

ನಾಳೆ ಬರುತ್ತಾರೆ.

ಮಧ್ಯಾಹ್ನ ಅತ್ತೆಯೇ ಬುಟ್ಟಿ ತಂದಳು. ಮೆಹಂದಿ ಕಲಸಿದ್ದಳು. ಮಡಿಯವಳು, ಅಂಗಡಿಯ ಪೊಟ್ಟಣ ಮುಟ್ಟಿದ್ದಕ್ಕೆ ಮತ್ತೆ ಸ್ನಾನ ಮಾಡಬೇಕು. “ಬಾ ಕೂಡು. ನೀ ಹಚ್ಚಿಕೊಂಡ್ರ ಮಾರಿಗೆಲ್ಲಾ ಬಳಕೋತಿ. ನಾ ಹಚ್ತೀನಿ.”

ಕುಳಿತೆ. ಹೆಳಲು ಬಿಚ್ಚಿದಳು. ಹಣಿಗೆ ಆಡಿಸಿದಳು, ಒಂದು ಸಲ, ಮತ್ತೊಂದು ಸಲ. ಬಿಳಿ ಪಟ್ಟಿಯನ್ನು ಬೇರೆ ಮಾಡಿ ಬೆರಳಿಗೆ ಸುತ್ತಿಕೊಂಡಳು. ಹಚ್ಚುತ್ತಲೇ ಇಲ್ಲ.

ಬಾಯಿಗೆ ಬಂದದ್ದು ಅಂದುಬಿಟ್ಟೆ. “ಅತ್ತಿ, ನಾ ಇದಕ್ಕ ಬ್ಯಾಡ ಅಂತೀನಿ. ನೀ ಯಂಕಪ್ಪಗ ಬ್ಯಾಡ ಅನ್ನು.”

“ಹುಚ್ಚಿ ಏನ ನೀ?”

“ಇಬ್ಬರೂ ಬಿಡೋಣು.”

ಅತ್ತೆ ಬೆರಳಿಗೆ ಸುತ್ತಿದ್ದ ಪಟ್ಟಿ ಬಿಚ್ಚಿದಳು. “ಸಕೇಶಿ ಕೈಯಾನ ಅಡಿಗಿ ದೇವರಿಗೆ ನಡಿಯೂದಿಲ್ಲ, ಹಿರೇರಿಗೆ ನಡಿಯೂದಿಲ್ಲ. ಪಕ್ಷಮಾಸ ಬಂತು. ನಮ್ಮಪ್ಪನ ಶ್ರಾದ್ಧದ ಅಡಿಗಿ ಮಾಡೋರ ಯಾರು? ಈ ಮನ್ಯಾಗ ನನಗಂತ ಇರೂದು ಆ ಒಲಿ ಒಂದ ನೋಡವಾ.”

ಗಂಡ ಹೋದ ಮೇಲೂ ಕೂದಲು ಉಳಿಸಿಕೊಂಡವಳು ಸಕೇಶಿ. ಅವಳು ಮಾಡಿದ್ದನ್ನು ಮಡಿಯವರು ಉಣ್ಣುವುದಿಲ್ಲ. ನನಗೂ ಗೊತ್ತಿದ್ದದ್ದೇ. ಆದರೆ ಅತ್ತೆಗೆ ಇರುವುದು ಒಲೆ ಒಂದೇ ಎಂದು ಅವಳ ಬಾಯಿಂದ ಕೇಳಿದ್ದು ಇವತ್ತೇ. ನಾನು ಬಿಡುವುದು ಒಂದು ಪೊಟ್ಟಣ, ಅತ್ತೆ ಬಿಡಬೇಕಾದದ್ದು ಇಡೀ ಅಡಿಗೆಮನೆ. ಇದು ಯಾವ ನ್ಯಾಯದ ಕರಾರು?

“ಬಿಡು ಅತ್ತಿ, ಹಚ್ಚು” ಅಂದೆ.

ಅತ್ತೆ ಬುಟ್ಟಿ ಎತ್ತಿಕೊಂಡು ಹಿತ್ತಲಿಗೆ ಹೋಗಿ ನುಗ್ಗೆಗಿಡದ ಬುಡಕ್ಕೆ ಸುರಿದಳು. “ಗಿಡಾನರ ಕರೇಗಾಗ್ಲಿ” ಅಂದಳು. ಯಂಕಪ್ಪನ ಮಾತು ಎತ್ತಲಿಲ್ಲ. ನಾನೂ ಕೇಳಲಿಲ್ಲ.

೧೬ ಸೆಪ್ಟೆಂಬರ್, ರವಿವಾರ — ಸಂಜೆ

ಬಂದರು, ಹೋದರು.

ತಾಯಿ ಭಾಗೀರಥಿಬಾಯಿ. ಸೋದರಮಾವ, ಹೆಗಲ ಮೇಲೆ ಜರಿ ಉಪರಣಿ. ಹುಡುಗ ಕರಿ ಟೋಪಿ ತೆಗೆಯಲೇ ಇಲ್ಲ, ಅವಲಕ್ಕಿ ತಿನ್ನುವಾಗಲೂ. ಬೆವರು ಇಳಿಯುತ್ತಿತ್ತು. ಶಿಷ್ಟಾಚಾರದ ಮನುಷ್ಯ ಅಂದುಕೊಂಡೆ.

ಒಳಗೆ ಕರೆದೊಯ್ದು ಭಾಗೀರಥಿಬಾಯಿ ಹೆಳಲು ಬಿಚ್ಚಿದರು. ಕೈ ನಿಂತಿತು. ಪಡಸಾಲೆಯಿಂದ ಮಾವ, “ಹೆಂಗದ?” ಅಂದರು. ಭಾಗೀರಥಿಬಾಯಿ ಮೆಲ್ಲಗೆ ಕೇಳಿದರು. “ವಯಸ್ಸೆಷ್ಟು ತಂಗಿ? ಖರೆ ಹೇಳು.”

ಅಪ್ಪ ಬಾಗಿಲಲ್ಲಿ. ಜಾತಕ ಕೈಯಲ್ಲಿತ್ತು, ಆದರೆ ಕೈ ಮುಂದೆ ಬರುತ್ತಿರಲಿಲ್ಲ.

ಶುಭಕಾರ್ಯದಲ್ಲಿ ಅತ್ತೆ ಎದುರಿಗೆ ಬರುವುದಿಲ್ಲ. ಹುಡುಗಿ ನೋಡುವ ದಿನ ಅಡಿಗೆಮನೆಯ ಕದ ಮುಂದೆ ಮಾಡಿಕೊಂಡು ಕೂಡುತ್ತಾಳೆ, ಅಪಶಕುನ ಆಗದಿರಲೆಂದು. ಇವತ್ತು ಕದ ತೆರೆಯಿತು.

“ಇಪ್ಪತ್ನಾಲ್ಕರೀ. ನನ್ನ ಮಡಲಾಗ ಬೆಳದ ಕೂಸು. ಈ ಬಿಳೇದು ನಮ್ಮ ಮನಿತನದ್ದು. ನನಗೂ ಇಪ್ಪತ್ತೊಂದಕ್ಕ ಬಂದಿತ್ತು.”

ಭಾಗೀರಥಿಬಾಯಿ ಅತ್ತೆಯ ತಲೆಯ ಮೇಲಿನ ಸೆರಗು ನೋಡಿದರು. ಇಪ್ಪತ್ತೊಂದಕ್ಕೆ ಬಂದದ್ದು ಈಕೆಗೆ ಹೇಗೆ ತಿಳಿಯಿತು ಎಂದು ಯೋಚಿಸಿರಬೇಕು. ಆಮೇಲೆ ತಿಳಿದಿರಬೇಕು. ಕಣ್ಣು ಕೆಳಗೆ ಹೋದವು.

ಮುಂಡರಗಿಯವರು ಬಿಚ್ಚಿದ್ದನ್ನು ಹಾಗೇ ಬಿಟ್ಟು ಎದ್ದಿದ್ದರು. ಇವರು ಹಿಂದೆ ಕುಳಿತು ಮತ್ತೆ ಹೆಳಲು ಹಾಕಿದರು. ಬಿಗಿಯಾಗಿ, ನೀಟಾಗಿ, ಬಿಳಿ ಪಟ್ಟಿ ಮೇಲಕ್ಕೆ ಕಾಣುವ ಹಾಗೆಯೇ. ಕೊನೆಗೆ ತಮ್ಮ ತುರುಬಿನ ಹೂವಿನಲ್ಲಿ ತುಸು ಹರಿದು ಮುಡಿಸಿದರು.

ತಿಳಿಸುತ್ತೇವೆ ಅಂದು ಹೋದರು. ಇಲ್ಲ ಅಂದರೂ ಚಿಂತೆಯಿಲ್ಲ. ಅಪ್ಪ ಇವತ್ತು ಎರಡು ಸಲ ಅನ್ನ ಹಾಕಿಸಿಕೊಂಡರು.

೧೭ ಸೆಪ್ಟೆಂಬರ್, ಸೋಮವಾರ

ಯಂಕಪ್ಪ ಬಂದ. ಅತ್ತೆ ಹಿತ್ತಲ ಬಾಗಿಲಲ್ಲೇ ನಿಂತಳು. ಮೊರದಲ್ಲಿ ಜೋಳ, ಒಂದು ಹಳೆಯ ಪಂಚೆ.

“ಇನ್ನ ಮುಂದ ಬರಬ್ಯಾಡಪಾ.”

“ಯಾಕ್ರೀ ಅವ್ವಾರ? ಕೈ ತಪ್ಪಿತಂತ ಸಿಟ್ಟ ಬಂತೇನ್ರೀ?”

“ನಿನ್ನ ಮ್ಯಾಲ ಸಿಟ್ಟಿಲ್ಲೋ. ಸಾಕಾತು, ಅಷ್ಟ.”

ಯಂಕಪ್ಪ ಚೀಲ ಕೆಳಗಿಟ್ಟು ಎರಡೂ ಕೈ ಜೋಡಿಸಿದ. “ನಿಮ್ಮ ಮುಂದ ಕತ್ತಿ ತಗಿಯುವಾಗ ಒಂದೂ ದಿವಸ ನನಗ ಛಲೋ ಅನಿಸಿಲ್ಲರೀ. ನಮ್ಮಪ್ಪ ಮಾಡಿದ್ದ, ನಾ ಮಾಡಿದೆ” ಅಂದ. ಜೋಳ ಕಟ್ಟಿಕೊಂಡು ಹೋದ.

ಅತ್ತೆ ಕದ ಹಾಕಿ ಬಂದು ನನ್ನನ್ನು ನೋಡಿ, “ಏನ ನೋಡ್ತಿ? ಸಾಲಿಗೆ ಹೊತ್ತಾತು ಹೋಗು” ಅಂದಳು.

೨೫ ಸೆಪ್ಟೆಂಬರ್, ಮಂಗಳವಾರ

ದತ್ತಾತ್ರಿ ಕಾಕಾ ಉತ್ತರ ತಂದರು. ಹುಡುಗಿ ಒಪ್ಪಿಗೆ! ಬಿಳಿ ಕೂದಲಿನದು ಅಡ್ಡಿಯಿಲ್ಲವಂತೆ. ತಾಯಿಯೇ ಒತ್ತಿ ಹೇಳಿದರಂತೆ.

ಒಂದು ಕ್ಷಣ, ಖರೆ ಬರೆಯುತ್ತೇನೆ, ಒಳಗೆಲ್ಲ ದೀಪ ಹಚ್ಚಿದ ಹಾಗಾಯಿತು.

“ಆದ್ರ ಒಂದ ಮಾತು” ಅಂದರು ಕಾಕಾ. “ಇಲ್ಲೀ ಸುದ್ದಿ ಅಲ್ಲಿಗೆ ಮುಟ್ಟ್ಯದ. ತುಳಸಕ್ಕ ಕೂದಲಾ ಬಿಡಲಿಕ್ಕೆ ಹತ್ಯಾಳಂತ. ಸಕೇಶಿ ಇದ್ದ ಮನೀ ಹುಡಿಗಿ ಬ್ಯಾಡ ಅಂತಾನ ಮಾವ. ಯಂಕಪ್ಪನ್ನ ಕರಸ್ರಿ, ಲಗ್ನ ಖಚಿತ ಆದಂಗ.” ಈ ಮನೆಯಿಂದ ಅಲ್ಲಿಗೆ ಸುದ್ದಿ ಮುಟ್ಟಿಸುವವರು ಕಾಕಾ ಬಿಟ್ಟು ಇನ್ಯಾರು?

ಅತ್ತೆ ಅಡಿಗೆಮನೆಯಿಂದ ಹೊರಗೆ ಬಂದಳು. ಹೊಳೆ ದಾಟಿದವಳ ಹಾಗೆ ಸಮಾಧಾನದ ಮುಖ. “ಅದಕ್ಕೇನ? ಕಮಲಾ, ಯಂಕಪ್ಪಗ ಹೇಳಿ ಕಳಸು.”

“ನೀ ಅವನ್ನ ಕರದ್ರ ನಾನೂ ಅವನ ಮುಂದ ಕೂಡ್ತೀನಿ.”

ಅತ್ತೆ ಹೌಹಾರಿ ನನ್ನ ಬಾಯಿ ಮುಚ್ಚಿದಳು. ಲಗ್ನವಾಗಬೇಕಾದ ಹುಡುಗಿ ಆಡುವ ಮಾತೇ ಅದು? ಆದರೆ ಆಡಿದ್ದಾಗಿತ್ತು. ಕೈ ಮುಚ್ಚಿದ್ದರೂ ಹೇಳಿದೆ. ಅತ್ತೆಯ ತಲೆ ಬೋಳಿಸಿ ಆಗುವ ಲಗ್ನ ನನಗೆ ಬೇಡ. ಕಲಪ ಬಳಿದುಕೊಂಡು ಆಗುವುದೂ ಬೇಡ.

ಕಾಕಾ ಅಪ್ಪನ ಮುಖ ನೋಡಿದರು. ಅಪ್ಪ ಜಗಳದ ಮನುಷ್ಯರಲ್ಲ, ಕಚೇರಿಯಲ್ಲಿ ಕುರ್ಚಿಯನ್ನೂ ಸಪ್ಪಳಾಗದಂತೆ ಸರಿಸುವವರು.

“ದತ್ತೂ, ಊಟದ ಹೊತ್ತಾತು. ಉಂಡ ಹೋಗು. ಅಕ್ಕ ಮಾಡ್ಯಾಳ” ಅಂದರು.

“ಹೊಟ್ಟಿ ತುಂಬ್ಯದ” ಅಂದು ಕಾಕಾ ಚಪ್ಪಲಿ ಮೆಟ್ಟಿದರು. ಅಪ್ಪ ಒಬ್ಬರೇ ಕುಳಿತು ಉಂಡರು. ಅತ್ತೆ ಬಡಿಸಿದಳು.

೨೯ ಸೆಪ್ಟೆಂಬರ್, ಶನಿವಾರ

ಅಜ್ಜನ ಶ್ರಾದ್ಧ. ಊಟಕ್ಕೆ ಹೇಳಿದ್ದ ಬ್ರಾಹ್ಮಣರಿಬ್ಬರೂ ಬೆಳಿಗ್ಗೆ ಬರುವುದಿಲ್ಲವೆಂದು ಹೇಳಿ ಕಳಿಸಿದರು.

ಅತ್ತೆ ಒಲೆಯಿಂದ ಸರಿದು ನಿಂತಳು. ಬೇರೆ ಯಾರನ್ನಾದರೂ ಕರೆಸು ಮಾರ್ತಾಂಡಾ ಅಂದಳು. ಅಪ್ಪ ಕೇಳಲಿಲ್ಲ. ಅಕ್ಕಿ, ಬೇಳೆ, ಬೆಲ್ಲ, ಕಾಯಿಪಲ್ಯ ಎಲೆಯಲ್ಲಿ ಕಟ್ಟಿಕೊಂಡು ವೀರನಾರಾಯಣನ ಗುಡಿಗೆ ಹೋಗಿ ಸ್ವಯಂಪಾಕ ಕೊಟ್ಟು ಬಂದರು. ಬೇಯಿಸದ್ದಕ್ಕೆ ಮೈಲಿಗೆ ಇಲ್ಲವಲ್ಲ, ತಕ್ಕೊಂಡರಂತೆ. ಬಂದು ಕೈಕಾಲು ತೊಳೆದು ಅತ್ತೆಯ ಅಡಿಗೆಗೆ ಕುಳಿತರು.

“ಅಪ್ಪ ಇದ್ದಿದ್ರ ಈ ಹುಳೀನ ಎರಡನೇ ಸಲ ಹಾಕಿಸ್ಕೋತಿದ್ದ” ಅಂದರು.

“ಮೂರನೇ ಸಲ” ಅಂದಳು ಅತ್ತೆ.

ನಾನು ಮೂರು ಸಲ ಹಾಕಿಸಿಕೊಂಡೆ. ಹೊಟ್ಟೆ ಇನ್ನೂ ಭಾರ. ಮನಸ್ಸು ಹಗುರ.

೧೪ ಅಕ್ಟೋಬರ್, ರವಿವಾರ — ವಿಜಯದಶಮಿ

ಇಷ್ಟು ದಿನ ಬರೆಯಲಿಲ್ಲ. ಓಣಿಯ ಹೆಂಗಸರು ಬಾವಿಯ ಹತ್ತಿರ ಅತ್ತೆ ಬಂದರೆ ಕೊಡ ಹಿಂದಕ್ಕೆ ಸರಿಸುತ್ತಾರೆ. ಅತ್ತೆ ಅವರೆಲ್ಲ ಹೋದ ಮೇಲೆ ಸೇದಿ ತರುತ್ತಾಳೆ. ಅದನ್ನು ಬರೆದು ಏನು ಮಾಡಲಿ.

ಇವತ್ತಿನದು ಬರೆಯಬೇಕು.

ಸಂಜೆ ಎಲ್ಲರೂ ಬನ್ನಿ ಎಲೆ ಹಿಡಿದು ಮನೆಮನೆಗೆ ಹೋಗುವ ಹೊತ್ತು. ನಮ್ಮ ಮನೆಗೆ ಈ ಸಲ ಶಾರದವ್ವ ಒಬ್ಬಳೇ ಬಂದು ಹೋಗಿದ್ದಳು. ದೀಪ ಹಚ್ಚುತ್ತಿದ್ದೆ. ಬಾಗಿಲಲ್ಲಿ ಕರಿ ಟೋಪಿ.

ಜಯತೀರ್ಥ. ಲಕ್ಷ್ಮೇಶ್ವರದ ಬಸ್ಸಿಗೆ ಬಂದಿದ್ದರು, ಒಬ್ಬರೇ.

ಅಪ್ಪ ಗಡಬಡಿಸಿ ಎದ್ದರು. ಆತ ಅಪ್ಪನಿಗೆ ಕೈ ಮುಗಿದು ನೇರ ಅಡಿಗೆಮನೆಯ ಹೊಸ್ತಿಲಿಗೆ ಹೋಗಿ ಅತ್ತೆಯ ಕೈಯಲ್ಲಿ ಬನ್ನಿ ಇಟ್ಟು, ಬಗ್ಗಿ ಕಾಲಿಗೆ ನಮಸ್ಕಾರ ಮಾಡಿದರು. “ಬನ್ನಿ ತಗೊಂಡು ಬಂಗಾರದಂಗ ಇರೋಣ್ರೀ.” ಅತ್ತೆ ಹಿಂದೆ ಸರಿಯುವುದರೊಳಗೆ ಆಗಿಹೋಗಿತ್ತು. ಸೆರಗು ಜಾರಿತ್ತು. ಬೆಳ್ಳನೆಯ ತಲೆ ಪೂರಾ ಕಾಣುತ್ತಿತ್ತು.

“ಮಾವ ಇನ್ನೂ ಒಪ್ಪಿಲ್ಲ” ಅಂದರು ಅಪ್ಪನಿಗೆ. “ನಮ್ಮವ್ವ ಒಪ್ಪ್ಯಾಳ. ತುಸು ದಿವಸ ಸವಡು ಕೊಡ್ರಿ. ನಾನೂ ಗಣಿತದ ಮಾಸ್ತರ, ಬಿಡಿಸದ ಬಿಡೂದಿಲ್ಲ.”

ಹೋಗುವಾಗ ಅಂಗಳದಲ್ಲಿ ನನಗೂ ಒಂದು ಎಲೆ ಕೊಟ್ಟು, ಅತ್ತಿತ್ತ ನೋಡಿ ಟೋಪಿ ತೆಗೆದರು. ಮುಂದೆ ಹಣೆ ಎಲ್ಲಿ ಮುಗಿಯಿತು, ತಲೆ ಎಲ್ಲಿ ಶುರುವಾಯಿತು ತಿಳಿಯುವಂತಿಲ್ಲ. “ಅವತ್ತು ನೀವು ತೋರಿಸಿದ್ರಿ, ನಾನು ತೋರಿಸಿರಲಿಲ್ಲ. ನಿಮ್ಮದು ಬೆಳ್ಳಗಾದ್ರೂ ಅದ. ನಂದು ಇಲ್ಲ. ಅಡ್ಡಿ ಇಲ್ಲ ಅಂದ್ರ ಹೇಳ್ರಿ.”

ನಗು ತಡೆಯಲಾಗಲಿಲ್ಲ. ಉತ್ತರ ಕೊಡಬೇಕಾಗಲಿಲ್ಲ.

೨೧ ಅಕ್ಟೋಬರ್, ರವಿವಾರ

ಎರೆದುಕೊಂಡು ಬಂದೆ. ಅತ್ತೆ ಎಂದಿನಂತೆ ಹಿಂದೆ ಕುಳಿತಳು, ಕೀಳಲಿಲ್ಲ. ಬರೀ ಬಾಚಿದಳು.

ಗೋಡೆಯ ಕನ್ನಡಿ ತಂದು ಅವಳ ಕೈಗೆ ಕೊಟ್ಟೆ. ಹದಿಮೂರರಿಂದ ಮುಟ್ಟಿಲ್ಲ. ಬೇಡ ಬೇಡ ಅಂದಳು. ಆಮೇಲೆ ತಾನೇ ಸೆರಗು ಹಿಂದೆ ಮಾಡಿ ನೋಡಿದಳು. ಬೆರಳಗಲ ಬೆಳೆದಿದೆ. ಒಂದೂ ಕಪ್ಪಿಲ್ಲ.

“ಥೇಟ ನಮ್ಮವ್ವ” ಅಂದಳು. ಬಹಳ ಹೊತ್ತು ನೋಡಿದಳು. “ಎಡಾ ಯಾವುದು ಬಲಾ ಯಾವುದು ತಿಳೀತು ಬಿಡು ಈಗ.”

೧ ನವೆಂಬರ್, ಗುರುವಾರ — ನಸುಕು

ನರಕ ಚತುರ್ದಶಿ. ಬಚ್ಚಲಿನ ಹಂಡೆಗೆ ಉರಿ ಹಾಕಿದ್ದೇನೆ, ನೀರು ಕಾಯುವವರೆಗೆ ನಾಲ್ಕು ಸಾಲು. ಹಬ್ಬದ ದಿನವೇ ಕರ್ನಾಟಕವೂ ಒಂದಾಗುತ್ತಿದೆ. ಬೆಳಗಾದೊಡನೆ ಶಾಲೆಯಿಂದ ಮೆರವಣಿಗೆ, ಘೋಷಣೆಯ ಹಲಗೆಗಳನ್ನು ರಾತ್ರಿ ನಾನೇ ಬರೆದು ಮುಗಿಸಿದೆ. ಓಣಿಯಲ್ಲಿ ಆಗಲೇ ಪಟಾಕಿ, ಬಾಜಾ. ಜಯತೀರ್ಥರ ಮಾವ ಇನ್ನೂ ಹೂಂ ಅಂದಿಲ್ಲ. ಉಹೂಂ ಅನ್ನುವುದನ್ನು ಬಿಟ್ಟಿದ್ದಾರಂತೆ. ಭಾಗೀರಥಿಬಾಯಿ ಅತ್ತೆಗೆಂದು ಒಂದು ಸೀಸೆ ಕೊಬ್ಬರಿ ಎಣ್ಣೆ ಕಳಿಸಿದ್ದಾರೆ.

ಪ್ರತಿ ವರ್ಷ ಅತ್ತೆ ಈ ದಿನ ಎರಡು ಮಣೆ ಹಾಕುತ್ತಾಳೆ. ಅಪ್ಪನಿಗೊಂದು, ನನಗೊಂದು. ನೆತ್ತಿಗೆ ಎಣ್ಣೆ ಒತ್ತುತ್ತಾಳೆ, ನೀರು ಹೊಯ್ಯುತ್ತಾಳೆ. ತಾನು ಮಾತ್ರ ತಣ್ಣೀರು ಸುರಿದುಕೊಂಡು ಮಡಿಯುಟ್ಟು ಒಲೆಯ ಮುಂದೆ.

ಈಗ ಇಲ್ಲಿಂದ ಕಾಣುತ್ತಿದೆ. ಮೂರು ಮಣೆ. ಮೂರನೆಯದನ್ನು ಅತ್ತೆಯೇ ತಂದು ಹಾಕಿದಳು. ಹಾಕಿ, ಬದಿಗೆ ನಿಂತಳು. ಸೆರಗಿನ ಅಂಚು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. ಅಪ್ಪ ಕೆಮ್ಮಿ, “ಕೂಡು ಅಕ್ಕಾ” ಅಂದರು.

ಕುಳಿತಿದ್ದಾಳೆ. ನನ್ನ ಕಡೆ ಬೆನ್ನು. ಸೆರಗು ಹೆಗಲ ಮೇಲಿದೆ. ದೀಪದ ಬೆಳಕು ತಲೆಯ ಮೇಲೆ ಬಿದ್ದಿದೆ. ಎಷ್ಟು ಬೆಳ್ಳಗಿದೆ! ನಾನು ಅದೃಷ್ಟವಂತೆ. ಮುಂದೆ ನನ್ನ ತಲೆ ಹೇಗಾಗುತ್ತದೆಂದು ಈಗಲೇ ನೋಡುತ್ತಿದ್ದೇನೆ.

“ಕಮಲಾ, ಬರಿಯೂದು ಆಮ್ಯಾಲ ಬರಿ. ಎಣ್ಣಿ ಆರ್ತದ.”

ಹೋಗಬೇಕು. ಬೆರಳಿಗೆಲ್ಲ ಮಸಿ ಹತ್ತಿದೆ, ಹಲಗೆ ಬರೆದದ್ದು. ಅವಳ ಕೂದಲಿಗೆ ಕಪ್ಪು ಹತ್ತಬಾರದು. ಮೊದಲು ಕೈ ತೊಳೆದುಕೊಂಡು—